ಇಂಗ್ಲಿಷ್ ನುಡಿಯಲ್ಲಿ ಅನ್ನದ ಹಳೆಯ ಮಾತುಗಳು

ನಮ್ಮ ಬಿ.ಎ. ತರಗತಿಯಲ್ಲಿ ಥಾಮಸ್ ಹಾರ್ಡಿಯ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಕಾದಂಬರಿಯ ಪಾಠ ಆರಂಭವಾದ ದಿನ ನಡೆದ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಕಾರಣ. 1886ರಲ್ಲಿ ಪ್ರಕಟವಾದ ಆ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಹೆನ್‌ಚರ್ಡ್ ಎಂಬ ಕೂಲಿಯವನು ಜಾತ್ರೆಯ ಗುಡಾರವೊಂದರಲ್ಲಿ ಕುಳಿತು ‘ಫರ್ಮಿಟಿ’ ಎಂಬುದನ್ನು ಬಟ್ಟಲು ಬಟ್ಟಲಾಗಿ ತಿನ್ನುತ್ತಾನೆ. ಅದರಲ್ಲಿ ಗುಟ್ಟಾಗಿ ಬೆರೆಸಿದ ರಮ್ ತಲೆಗೇರುತ್ತದೆ. ಆ ಅಮಲಿನಲ್ಲಿ ಅವನು ತನ್ನ ಹೆಂಡತಿಯನ್ನೂ ಮಗುವನ್ನೂ ಐದು ಗಿನಿಗಳಿಗೆ ನಾವಿಕನೊಬ್ಬನಿಗೆ ಮಾರಿಬಿಡುತ್ತಾನೆ. ನಮ್ಮ ಅಧ್ಯಾಪಕರು ಪಾಠವನ್ನು ಅಲ್ಲಿಗೇ ನಿಲ್ಲಿಸಿ, “ಫರ್ಮಿಟಿ ಎಂದರೇನು?” ಎಂದು ಕೇಳಿದರು. ಗೈಡು ನೋಡಿಕೊಂಡು ಬಂದಿದ್ದ ನಾನು ಥಟ್ಟನೆ ಎದ್ದುನಿಂತು, “ಒಂದು ಬಗೆಯ ಆಹಾರ, ಸರ್” ಎಂದೆ. ಅವರು ನಕ್ಕು, “ಅಷ್ಟು ನನಗೂ ಗೊತ್ತಾಯಿತಪ್ಪ. ಅವನು ಅದನ್ನು ತಿಂದನಲ್ಲವೆ?” ಎಂದರು. ತರಗತಿಯೆಲ್ಲ ಗೊಳ್ಳೆಂದಿತು.

ಆ ನಗು ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು. ಫರ್ಮಿಟಿ ಅಥವಾ ಫ್ರೂಮೆಂಟಿ ಎಂದರೆ ಹೊಟ್ಟು ತೆಗೆದ ಇಡೀ ಗೋಧಿಯನ್ನು ಹಾಲಿನಲ್ಲಿ ಬೇಯಿಸಿ ಮಾಡುವ ಗಟ್ಟಿ ಪಾಯಸ. ಧಾನ್ಯವೆಂಬ ಅರ್ಥದ ಲ್ಯಾಟಿನ್ ಶಬ್ದ ‘ಫ್ರೂಮೆಂಟಮ್’ ಅದರ ಮೂಲ. ಮರುದಿನ ಇದನ್ನು ತರಗತಿಯಲ್ಲಿ ಹೇಳಿದಾಗ ಹಾವೇರಿಯ ಕಡೆಯ ಗೆಳೆಯನೊಬ್ಬ, “ಹಂಗಾರ ಇದು ನಮ್ಮ ಗೋಧಿ ಹುಗ್ಗೀನೇ ಐತಲ್ರೀ ಸರ್!” ಎಂದುಬಿಟ್ಟ. ಬೆಲ್ಲ ಒಂದನ್ನು ಬಿಟ್ಟರೆ ಮಾತು ನಿಜವೇ. ಮಧ್ಯಯುಗದಲ್ಲಿ ಶ್ರೀಮಂತರು ಜಿಂಕೆಯ ಮಾಂಸದ ಜೊತೆಗೆ ನೆಂಚಿಕೊಳ್ಳುತ್ತಿದ್ದ ಫ್ರೂಮೆಂಟಿ ಹಾರ್ಡಿಯ ಕಥೆಯ ಕಾಲಕ್ಕೆ ಜಾತ್ರೆಯ ಮುದುಕಿ ಮಾರುವ ಹಳೆಯ ಕಾಲದ ತಿನಿಸಾಗಿ ಕೆಳಗಿಳಿದಿತ್ತು. ಈ ಏರಿಳಿತವನ್ನು ತಿಳಿದ ಮೇಲೆ ಆ ಗುಡಾರದ ಚಿತ್ರವೇ ನನಗೆ ಬೇರೆಯಾಗಿ ಕಂಡಿತು. ‘ಒಂದು ಬಗೆಯ ಆಹಾರ’ ಎಂಬ ಮೂರು ಪದಗಳ ಅರ್ಥವಿವರಣೆ ಎಷ್ಟನ್ನು ಮುಚ್ಚಿಡುತ್ತದೆ ಎಂಬುದು ಆಗ ತಿಳಿಯಿತು.

ಆಹಾರಕ್ಕೆ ಸಂಬಂಧಿಸಿದ ಇಂಗ್ಲಿಷಿನ ಹಳೆಯ ಶಬ್ದಗಳನ್ನು ಅಂದಿನಿಂದ ಗುರುತು ಹಾಕಿಕೊಳ್ಳುತ್ತ ಬಂದಿದ್ದೇನೆ. ಇವುಗಳಲ್ಲಿ ಹೆಚ್ಚಿನವು ಏನು ತಿನ್ನುತ್ತಿದ್ದರು ಎಂಬುದನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಯಾರು ಬಡಿಸುತ್ತಿದ್ದರು, ಯಾರು ಉಣ್ಣುತ್ತಿದ್ದರು, ಯಾರು ಬಾಗಿಲಲ್ಲಿ ಕಾದು ನಿಂತಿದ್ದರು ಎಂಬುದನ್ನೂ ಹೇಳುತ್ತವೆ. ತಿನಿಸು ಮರೆಯಾದರೂ ಪಂಕ್ತಿಯ ಕ್ರಮ ಪದದಲ್ಲಿ ಉಳಿದುಕೊಂಡಿದೆ. ಅಂತಹ ಕೆಲವನ್ನು ಸಹಪಾಠಿ ಮಿತ್ರರ ಮುಂದೆ ಇಡುತ್ತೇನೆ.

ಮೊದಲು ರೊಟ್ಟಿಯಿಂದಲೇ ಆರಂಭಿಸೋಣ. ಇಂದು ‘ಲಾರ್ಡ್’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪದವಿ, ಪ್ರಭುತ್ವ, ವೈಭವ. ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದದ ರೂಪ ‘ಹ್ಲಾಫ್‌ವೆಅರ್ಡ್’. ಎಂದರೆ ರೊಟ್ಟಿಯನ್ನು ಕಾಯುವವನು. ‘ಹ್ಲಾಫ್’ ಎಂಬುದೇ ಇಂದಿನ ‘ಲೋಫ್’. ‘ಲೇಡಿ’ ಎಂಬುದರ ಮೂಲ ‘ಹ್ಲಾಫ್‌ಡಿಗೆ’, ರೊಟ್ಟಿಯ ಹಿಟ್ಟು ನಾದುವವಳು. ಇವೆರಡೂ ಉಳಿದು ಗೌರವದ ಶಬ್ದಗಳಾದವು. ಇವುಗಳ ಜೊತೆಗೆ ಮೂರನೆಯದೊಂದಿತ್ತು: ‘ಹ್ಲಾಫ್‌ಆಟ’, ರೊಟ್ಟಿ ತಿನ್ನುವವನು. ಒಡೆಯನ ಮನೆಯಲ್ಲಿ ಉಂಡು ಅವನಿಗಾಗಿ ದುಡಿಯುವ ಆಳಿಗೆ ಈ ಹೆಸರು. 7ನೆಯ ಶತಮಾನದ ಆರಂಭದ್ದೆನ್ನುವ, ಕೆಂಟ್ ರಾಜ್ಯದ ದೊರೆ ಎಥೆಲ್‌ಬರ್ಟನ ಕಟ್ಟಳೆಗಳಲ್ಲಿ ಇದು ಬರುತ್ತದೆ. ಒಬ್ಬ ಸಾಮಾನ್ಯ ಬೇಸಾಯಗಾರನ ‘ರೊಟ್ಟಿ ತಿನ್ನುವವನನ್ನು’ ಕೊಂದವನು ಆರು ಷಿಲಿಂಗ್ ತೆರಬೇಕು ಎಂದು ಅಲ್ಲಿ ವಿಧಿಸಿದೆ. ಕಾಯುವವನ ಹೆಸರೂ ನಾದುವವಳ ಹೆಸರೂ ಇಂದಿಗೂ ಬಳಕೆಯಲ್ಲಿವೆ. ತಿಂದು ದುಡಿದವನ ಹೆಸರು ಮಾತ್ರ ಅಳಿದುಹೋಯಿತು.

ಇದನ್ನು ಓದಿದಾಗ ನನಗೆ ನಮ್ಮ ತಾತನವರ ನೆನಪಾಯಿತು. ಅವರು ಚಿಕ್ಕಂದಿನಲ್ಲಿ ಬೇರೆಯವರ ಮನೆಯಲ್ಲಿ ಹೊಟ್ಟೆ ಬಟ್ಟೆಗೆ ದುಡಿದವರು. ಊರಿನಲ್ಲಿ ಅವರನ್ನು ಹೆಸರಿಟ್ಟು ಕರೆದುದಕ್ಕಿಂತ ‘ಇಂಥವರ ಮನೆಯ ಆಳು’ ಎಂದು ಕರೆದುದೇ ಹೆಚ್ಚಂತೆ. “ಉಂಡ ಮನೆಗೆ ಎರಡು ಬಗೆಯಬಾರದು” ಎಂಬ ಗಾದೆಯನ್ನು ಅವರು ಆಗಾಗ ಹೇಳುತ್ತಿದ್ದರು. ಸಾವಿರದ ನಾನೂರು ವರ್ಷಗಳ ಹಿಂದಿನ, ನಾವು ಕಂಡರಿಯದ ದೇಶದ ಒಂದು ಕಟ್ಟಳೆಯಲ್ಲಿ ಅವರಂಥವನೇ ಒಬ್ಬನನ್ನು ಕಂಡೆನೆಂದರೆ ಅತಿಶಯವಾಗದು.

ರೊಟ್ಟಿಯಲ್ಲಿಯೂ ಮೇಲು ಕೀಳು ಇತ್ತು. ಜರಡಿ ಹಿಡಿದ ನಯವಾದ ಗೋಧಿಹಿಟ್ಟಿನ ಬಿಳಿಯ ರೊಟ್ಟಿಗೆ ‘ಮ್ಯಾಂಚೆಟ್’ ಎಂದು ಹೆಸರು. ಅದಕ್ಕಿಂತ ಒರಟಾದ ಗೋಧಿ ರೊಟ್ಟಿ ‘ಚೀಟ್’. ವಂಚನೆ ಎಂಬ ಅರ್ಥದ ಇಂದಿನ ಶಬ್ದವೆಂದು ಇದನ್ನು ಭ್ರಮಿಸಬಾರದು. ಗೋಧಿಯನ್ನೂ ರೈ ಧಾನ್ಯವನ್ನೂ ಬೆರೆಸಿ ಬೆಳೆದು, ಬೆರಕೆಯಾಗಿಯೇ ಬೀಸಿ ಮಾಡಿದ್ದು ‘ಮ್ಯಾಸ್ಲಿನ್’. 1577ರಲ್ಲಿ ಮೊದಲು ಅಚ್ಚಾದ ವಿಲಿಯಂ ಹ್ಯಾರಿಸನ್ನನ ಇಂಗ್ಲೆಂಡಿನ ವರ್ಣನೆಯಲ್ಲಿ ಈ ತಾರತಮ್ಯದ ವಿವರ ಸಿಗುತ್ತದೆ. ಸ್ಥಿತಿವಂತರು ತಮ್ಮ ಊಟಕ್ಕೆ ಗೋಧಿಯನ್ನು ಇಟ್ಟುಕೊಳ್ಳುತ್ತಾರೆ. ಅವರ ಮನೆಯ ಆಳುಗಳೂ ನೆರೆಯ ಬಡವರೂ ರೈ ಅಥವಾ ಬಾರ್ಲಿ ರೊಟ್ಟಿಯಲ್ಲಿ ತೃಪ್ತಿಪಡಬೇಕು. ಬರ ಬಂದಾಗ ಅವರೆ, ಬಟಾಣಿ, ಓಟ್ಸ್, ಕೊನೆಗೆ ಓಕ್ ಮರದ ಕಾಯಿಯನ್ನೂ ಬೆರೆಸಿ ರೊಟ್ಟಿ ಮಾಡಬೇಕು ಎಂಬುದು ಅವನು ಕೊಡುವ ಚಿತ್ರ. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ನಿತ್ಯದ ಊಟಕ್ಕೆ ‘ಹಿಟ್ಟು’, ಹಬ್ಬಕ್ಕೆ ಮಾತ್ರ ‘ಅನ್ನ’ ಎಂದು ಬೆಳೆದವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ತಿಳಿದಿದ್ದರೆ ಚಾಸರನ ಕಾವ್ಯದಲ್ಲಿ ಒಂದು ಮೊನಚು ಕಾಣುತ್ತದೆ. ‘ಕ್ಯಾಂಟರ್‌ಬರಿ ಟೇಲ್ಸ್’ ಪೀಠಿಕೆಯಲ್ಲಿ ಬರುವ ಮಠದ ಒಡತಿ ತುಂಬ ಮೃದುಹೃದಯದವಳು. ಬೋನಿಗೆ ಬಿದ್ದ ಇಲಿಯನ್ನು ಕಂಡರೂ ಕಣ್ಣೀರು ಹಾಕುವವಳು. ಅವಳು ತನ್ನ ಪುಟ್ಟ ನಾಯಿಗಳಿಗೆ ಸುಟ್ಟ ಮಾಂಸ, ಹಾಲು ಮತ್ತು ‘ವ್ಯಾಸ್ಟೆಲ್’ ರೊಟ್ಟಿ ತಿನ್ನಿಸುತ್ತಾಳೆ. ಟಿಪ್ಪಣಿಯಲ್ಲಿ ಇದಕ್ಕೂ ‘ಒಂದು ಬಗೆಯ ರೊಟ್ಟಿ’ ಎಂದು ಬರೆದರೆ ಓದುಗನು ಸುಮ್ಮನೆ ಮುಂದೆ ಸಾಗುತ್ತಾನೆ. ಆದರೆ ವ್ಯಾಸ್ಟೆಲ್ ಎಂಬುದು ಬಿಳಿಯ ನಯಹಿಟ್ಟಿನ ಉತ್ತಮ ರೊಟ್ಟಿ. ಫ್ರೆಂಚರು ಇಂದು ಕೇಕಿಗೆ ಹೇಳುವ ‘ಗಾತೊ’ ಅದೇ ಶಬ್ದದ ಇನ್ನೊಂದು ರೂಪ. ಬಡವರ ಮನೆಯಲ್ಲಿ ಅಪರೂಪವಾದ ರೊಟ್ಟಿ ಇಲ್ಲಿ ನಾಯಿಯ ಪಾಲಾಗುತ್ತಿದೆ. ಕವಿ ಒಂದು ಕಟುಮಾತನ್ನೂ ಆಡದೆ, ರೊಟ್ಟಿಯ ಹೆಸರು ಹೇಳಿ ಸುಮ್ಮನಾಗಿದ್ದಾನೆ.

ಆ ಕಾಲದ ಊಟದ ತಟ್ಟೆಯೂ ರೊಟ್ಟಿಯದೇ. ಹಳಸಿ ಗಟ್ಟಿಯಾದ ದಪ್ಪ ರೊಟ್ಟಿಯನ್ನು ಬಿಲ್ಲೆಯಾಗಿ ಕೊಯ್ದು ಅದರ ಮೇಲೆ ಬಡಿಸುತ್ತಿದ್ದರು. ಕೊಯ್ಯುವುದು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಇದಕ್ಕೆ ‘ಟ್ರೆಂಚರ್’ ಎಂದು ಹೆಸರಾಯಿತು. ಮರದ ತಟ್ಟೆ ಬಂದ ಮೇಲೂ ಹೆಸರು ಮುಂದುವರಿಯಿತು. ಹೊಟ್ಟೆತುಂಬ ಉಣ್ಣುವವನನ್ನು ‘ಟ್ರೆಂಚರ್‌ಮನ್’ ಎಂದು ಕರೆಯುವುದು ಷೇಕ್ಸ್‌ಪಿಯರನ ನಾಟಕದಲ್ಲಿಯೂ ಉಂಟು. ನಮ್ಮ ಬಾಳೆಲೆ ಹಸುವಿನ ಪಾಲಾಗುವಂತೆ, ಸಾರು ಹೀರಿ ನೆಂದ ಆ ರೊಟ್ಟಿಯ ತಟ್ಟೆಗಳು ಊಟವಾದ ಮೇಲೆ ಬಾಗಿಲಲ್ಲಿ ಕಾದ ಬಡವರಿಗೆ ಅಥವಾ ನಾಯಿಗಳಿಗೆ ಸೇರುತ್ತಿದ್ದವು. ತಿಂದು ಮಿಕ್ಕ ಚೂರುಗಳಿಗೆ ‘ಆರ್ಟ್ಸ್’ ಎಂಬ ಶಬ್ದವೊಂದಿತ್ತು. ಕಲೆಗೂ ನಮ್ಮ ಆರ್ಟ್ಸ್ ಕಾಲೇಜಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂದು ವಿಜ್ಞಾನದ ವಿದ್ಯಾರ್ಥಿ ಮಿತ್ರರಿಗೆ ಮೊದಲೇ ತಿಳಿಸಿಬಿಡುತ್ತೇನೆ!

ಇನ್ನು ‘ಮೀಟ್’ ಎಂಬ ಶಬ್ದವನ್ನು ನೋಡೋಣ. ಇದರ ಹಳೆಯ ಅರ್ಥ ಮಾಂಸವಲ್ಲ, ಸಾಮಾನ್ಯವಾಗಿ ಆಹಾರ. 1611ರ ಬೈಬಲ್ ಅನುವಾದದಲ್ಲಿ ಹಿಟ್ಟು ಮತ್ತು ಎಣ್ಣೆಯಿಂದ ಮಾಡಿದ ನೈವೇದ್ಯಕ್ಕೆ ‘ಮೀಟ್ ಆಫರಿಂಗ್’ ಎಂದೇ ಹೆಸರು. ಅದರಲ್ಲಿ ಮಾಂಸದ ಸೋಂಕೂ ಇಲ್ಲ. ಮಿಠಾಯಿಗೆ ಹೇಳುವ ‘ಸ್ವೀಟ್‌ಮೀಟ್’ ಎಂಬ ಪದದಲ್ಲಿ ಹಳೆಯ ಅರ್ಥ ಇನ್ನೂ ಉಳಿದಿದೆ. ಭಾಷಾಶಾಸ್ತ್ರದಲ್ಲಿ ಇದನ್ನು ಅರ್ಥಸಂಕೋಚ ಎನ್ನುತ್ತಾರೆ. ನಮ್ಮ ‘ಅನ್ನ’ವೂ ಹೀಗೆಯೇ. ಸಂಸ್ಕೃತದಲ್ಲಿ ಅದು ತಿನ್ನುವಂಥದು ಎಂಬ ವಿಶಾಲಾರ್ಥದ ಶಬ್ದ. ಕನ್ನಡದಲ್ಲಿ ಬೆಂದ ಅಕ್ಕಿಗೆ ಸೀಮಿತವಾಯಿತು. ಆದರೂ ‘ಅನ್ನದಾತ’, ‘ಅನ್ನದ ಋಣ’ ಎನ್ನುವಾಗ ಹಳೆಯ ಅರ್ಥ ಮರಳಿ ಬರುತ್ತದೆ. ಹಳಗನ್ನಡದಲ್ಲಿ ಊಟಕ್ಕೆ ಸಹಜವಾಗಿ ಬಳಸುತ್ತಿದ್ದ ‘ಕೂಳು’ ಇಂದು ಹೀನಾರ್ಥಕ್ಕೆ ಇಳಿದಿರುವುದನ್ನೂ ಇಲ್ಲಿ ನೆನೆಯಬಹುದು.

ಮಾಂಸಕ್ಕೆ ಸಂಬಂಧಿಸಿದ ಪ್ರಸಿದ್ಧ ಸಂಗತಿಯೊಂದು 1066ರ ನಾರ್ಮನ್ ದಿಗ್ವಿಜಯದ್ದು. ಕೊಟ್ಟಿಗೆಯಲ್ಲಿರುವಾಗ ‘ಆಕ್ಸ್’, ‘ಕಾಫ್’, ‘ಷೀಪ್’, ‘ಸ್ವೈನ್’ ಎಂಬ ಇಂಗ್ಲಿಷ್ ಹೆಸರುಗಳು. ಅವೇ ಮೇಜಿನ ಮೇಲೆ ಬಂದಾಗ ‘ಬೀಫ್’, ‘ವೀಲ್’, ‘ಮಟನ್’, ‘ಪೋರ್ಕ್’ ಎಂಬ ಫ್ರೆಂಚ್ ಮೂಲದ ಹೆಸರುಗಳು. ಸಾಕುವವನು ಸೋತ ಇಂಗ್ಲಿಷಿನವನು, ತಿನ್ನುವವನು ಗೆದ್ದ ನಾರ್ಮನ್ನನು ಎಂಬುದು ಇದರ ತಾತ್ಪರ್ಯ. ಜಾನ್ ವಾಲಿಸ್ ಇದನ್ನು 1653ರ ತನ್ನ ವ್ಯಾಕರಣದಲ್ಲಿ ಗಮನಿಸಿದ್ದ. ಸರ್ ವಾಲ್ಟರ್ ಸ್ಕಾಟ್ 1819ರಲ್ಲಿ ‘ಐವನ್‌ಹೋ’ ಕಾದಂಬರಿಯ ವಿದೂಷಕನ ಬಾಯಿಂದ ಹೇಳಿಸಿ ಮನೆಮಾತಾಗಿಸಿದ. ಆದರೆ ಪರೀಕ್ಷೆಯಲ್ಲಿ ಬರೆಯುವಾಗ ಸ್ವಲ್ಪ ಎಚ್ಚರ ಬೇಕು. ‘ಬೀಫ್’, ‘ಮಟನ್’ ಶಬ್ದಗಳನ್ನು ಜೀವಂತ ಪ್ರಾಣಿಗಳಿಗೂ ಬಳಸುವ ವಾಡಿಕೆ ಶತಮಾನಗಳ ಕಾಲ ಇತ್ತು. ಕೊಟ್ಟಿಗೆಗೂ ಮೇಜಿಗೂ ನಡುವಿನ ಈ ಗೆರೆ ಗಟ್ಟಿಯಾದುದು ಬಹಳ ತಡವಾಗಿ. ಗೆದ್ದವರ ಅಡುಗೆಯ ಪ್ರತಿಷ್ಠೆ ಶಬ್ದಗಳಲ್ಲಿ ಉಳಿದಿದೆ ಎಂಬುದು ನಿಜ. ಅದು ಒಂದೇ ದಿನದಲ್ಲಿ ಆಯಿತೆಂಬುದು ಕಥೆ.

ಶಬ್ದಗಳು ಹೀಗೆ ನಮ್ಮನ್ನು ಏಮಾರಿಸುವುದೂ ಉಂಟು. ಜಿಂಕೆಯ ಕರುಳು, ಪಿತ್ತಕೋಶ ಮೊದಲಾದ ಒಳಭಾಗಗಳಿಗೆ ‘ನಂಬಲ್ಸ್’ ಎಂದು ಹೆಸರಿತ್ತು. ಕಾಲಕ್ರಮದಲ್ಲಿ ಮೊದಲ ವ್ಯಂಜನ ಕಳಚಿ ‘ಅಂಬಲ್ಸ್’ ಆಯಿತು. ‘ನೇಪ್ರನ್’ ಎಂಬುದು ‘ಏಪ್ರನ್’ ಆದಂತೆ. ಅದರಿಂದ ಮಾಡಿದ ಕಡುಬು ‘ಅಂಬಲ್ ಪೈ’. ವಿನೀತ ಎಂಬ ಅರ್ಥದ ‘ಹಂಬಲ್’ ಬೇರೆಯೇ ಮೂಲದ ಶಬ್ದ. ಎರಡರ ಉಚ್ಚಾರಣೆ ಹತ್ತಿರವಾದುದರಿಂದ, ತಪ್ಪೊಪ್ಪಿಕೊಂಡು ತಲೆತಗ್ಗಿಸುವುದಕ್ಕೆ ‘ಹಂಬಲ್ ಪೈ’ ತಿನ್ನುವುದು ಎಂಬ ನುಡಿಗಟ್ಟು ಹುಟ್ಟಿತು. ‘ಬಟರಿ’ ಎಂಬ ಕೋಣೆಗೂ ಬೆಣ್ಣೆಗೂ ಸಂಬಂಧವಿಲ್ಲ. ಅದು ಪಾನೀಯದ ಪೀಪಾಯಿಗಳನ್ನು ಇಡುವ ಕೋಣೆ. ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು 1390ರ ಸುಮಾರಿಗೆ ಸಿದ್ಧಪಡಿಸಿದ ಪಾಕಗ್ರಂಥಕ್ಕೆ ‘ದಿ ಫಾರ್ಮ್ ಆಫ್ ಕ್ಯೂರಿ’ ಎಂದು ಹೆಸರು. ಇದನ್ನು ಕಂಡು ನಮ್ಮ ‘ಕರಿ’ ಅಷ್ಟು ಹಿಂದೆಯೇ ಅಲ್ಲಿಗೆ ಹೋಗಿತ್ತೆಂದು ಹಿಗ್ಗಬೇಕಾಗಿಲ್ಲ. ಅಲ್ಲಿನ ‘ಕ್ಯೂರಿ’ ಎಂದರೆ ಅಡುಗೆ, ಅಷ್ಟೆ. ಬೇಯಿಸುವುದು ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು.

ವಿದ್ಯಾರ್ಥಿನಿಲಯದ ಮಿತ್ರರಿಗೆ ಪ್ರಿಯವೋ ಅಪ್ರಿಯವೋ ಆದ ‘ಮೆಸ್’ ಎಂಬ ಪದಕ್ಕೂ ದೀರ್ಘ ಇತಿಹಾಸವಿದೆ. ಲ್ಯಾಟಿನ್ನಿನಲ್ಲಿ ಕಳುಹಿಸಿದ್ದು, ಇಟ್ಟದ್ದು ಎಂಬ ಅರ್ಥದ ಶಬ್ದ ಫ್ರೆಂಚಿನ ಮೂಲಕ ಬಂದು, ಮೇಜಿಗೆ ಕಳುಹಿಸಿದ ಬಡಿಸಲು ಎಂಬ ಅರ್ಥ ಪಡೆಯಿತು. ದೊಡ್ಡ ಔತಣಗಳಲ್ಲಿ ಒಂದೇ ಪಾತ್ರೆಯಿಂದ ಹಂಚಿಕೊಂಡು ಉಣ್ಣುವ ನಾಲ್ವರ ಗುಂಪಿಗೂ ‘ಮೆಸ್’ ಎಂದೇ ಹೆಸರಾಯಿತು. ಅಲ್ಲಿಂದ ಸೈನಿಕರ ಮೆಸ್, ಅಲ್ಲಿಂದ ನಮ್ಮ ಮೆಸ್. ಇನ್ನೊಂದು ಕವಲಿನಲ್ಲಿ, ಪಶುಗಳಿಗೆ ಕಲಸಿ ಹಾಕುವ ಮೇವು ಎಂಬ ಅರ್ಥ ಬಂದು, 19ನೆಯ ಶತಮಾನದ ಹೊತ್ತಿಗೆ ಗೊಂದಲ, ಗಲೀಜು ಎಂಬ ಅರ್ಥವೂ ನೆಲೆಯಾಯಿತು. ಒಂದೇ ಪದ ಸಹಪಂಕ್ತಿಯನ್ನೂ ಕಲಸುಮೇಲೋಗರವನ್ನೂ ಹೇಳುವುದು ಹೇಗೆಂದು ನಿಲಯವಾಸಿಗಳಿಗೆ ನಾನು ವಿವರಿಸಬೇಕಾಗಿಲ್ಲ. ರೊಟ್ಟಿ ಹಂಚಿಕೊಂಡು ತಿನ್ನುವವನೇ ‘ಕಂಪ್ಯಾನಿಯನ್’ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಅದರೊಳಗಿನ ‘ಪ್ಯಾನ್’ ಲ್ಯಾಟಿನ್ನಿನ ರೊಟ್ಟಿ. ಅಡುಗೆ ಸಾಮಾನಿಡುವ ‘ಪ್ಯಾಂಟ್ರಿ’ಯಲ್ಲಿರುವುದೂ ಅದೇ ರೊಟ್ಟಿ.

ಹಂಚಿಕೆಯ ಪದಗಳು ಹೀಗಾದರೆ ಕೊರತೆಯ ಪದಗಳು ಇನ್ನೂ ಮನಮುಟ್ಟುವಂಥವು. ಅಲ್ಪಸ್ವಲ್ಪ ಸಂಬಳಕ್ಕೆ ‘ಪಿಟೆನ್ಸ್’ ಎನ್ನುತ್ತೇವೆ. ಮೂಲದಲ್ಲಿ ಅದು ದಯೆಯ, ಭಕ್ತಿಯ ಶಬ್ದ. ಉಳ್ಳವರು ಸಾಯುವಾಗ ಮಠಕ್ಕೆ ದತ್ತಿ ಬಿಟ್ಟು, ತಮ್ಮ ಪುಣ್ಯತಿಥಿಯಂದು ಸಂನ್ಯಾಸಿಗಳಿಗೆ ಒಂದು ಬಡಿಸಲು ಹೆಚ್ಚಾಗಿ ಕೊಡಿಸುತ್ತಿದ್ದರು. ಆ ಹೆಚ್ಚಿನ ಬಡಿಸಲೇ ‘ಪಿಟೆನ್ಸ್’. ಅದು ಚಿಕ್ಕದಾಗಿದ್ದುದರಿಂದ ಶಬ್ದವೂ ಚಿಕ್ಕದಾಯಿತು.

ಬರಗಾಲಕ್ಕೆ ‘ಡರ್ತ್’ ಎಂಬ ಪದವಿದೆ. ‘ಡಿಯರ್’ ಎಂದರೆ ತುಟ್ಟಿಯಾದದ್ದು. ಅದರಿಂದ ‘ಡರ್ತ್’, ತುಟ್ಟಿಕಾಲ. ಮಾರುಕಟ್ಟೆಯಲ್ಲಿ ಧಾನ್ಯವಿದ್ದರೂ ಕೊಳ್ಳಲು ಕೈಯಲ್ಲಿ ಕಾಸಿಲ್ಲದವನಿಗೆ ಅದು ಬರವೇ ಅಲ್ಲವೆ? ಈ ಸತ್ಯವನ್ನು ಅರ್ಥಶಾಸ್ತ್ರದ ಗ್ರಂಥಗಳಿಗಿಂತ ಮೊದಲೇ ಜನರ ನುಡಿ ಕಂಡುಕೊಂಡಿತ್ತು. 1594ರಿಂದ 1597ರವರೆಗೆ ಇಂಗ್ಲೆಂಡಿನಲ್ಲಿ ಬೆಳೆ ಸಾಲಾಗಿ ಕೆಟ್ಟಾಗ ಜನ ಅನುಭವಿಸಿದ್ದು ಈ ‘ಡರ್ತ್’. ‘ಸ್ಟಾರ್ವ್’ ಎಂಬ ಕ್ರಿಯಾಪದದ ಕಥೆ ಇನ್ನೂ ದಾರುಣ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸಾಯುವುದು ಎಂದಷ್ಟೇ ಅರ್ಥ. ಜರ್ಮನ್ ಭಾಷೆಯ ‘ಸ್ಟೆರ್ಬೆನ್’ಗೆ ಇಂದಿಗೂ ಅದೇ ಅರ್ಥ. ಇಂಗ್ಲಿಷಿನಲ್ಲಿ ಅದು ಕ್ರಮೇಣ ಹಸಿವಿನಿಂದ ಸಾಯುವುದಕ್ಕೆ ಅಂಟಿಕೊಂಡಿತು. ಉತ್ತರದ ಚಳಿಸೀಮೆಯ ಆಡುಮಾತಿನಲ್ಲಿ ಚಳಿಯಿಂದ ನರಳುವುದು ಎಂಬ ಅರ್ಥ ಪಡೆಯಿತು. ಸಾವೆಂಬ ಸಾಮಾನ್ಯ ಪದ ಯಾವ ಸಾವಿಗೆ ಮೀಸಲಾಯಿತು ಎಂಬುದನ್ನು ನೋಡಿದರೆ ಬಡವರ ಬಾಳು ಕಣ್ಣಮುಂದೆ ನಿಲ್ಲುತ್ತದೆ.

ಒಬ್ಬರ ಊಟ ಇನ್ನೊಬ್ಬರಿಗೆ ಮೇವಾಗಿ ಕಾಣುವುದೂ ಉಂಟು. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಓಟ್ಸ್ ಎಂಬುದಕ್ಕೆ ಅರ್ಥ ಬರೆಯುತ್ತ, ಇಂಗ್ಲೆಂಡಿನಲ್ಲಿ ಅದು ಕುದುರೆಗಳ ಧಾನ್ಯವೆಂದೂ ಸ್ಕಾಟ್ಲೆಂಡಿನಲ್ಲಿ ಜನರನ್ನೇ ಪೋಷಿಸುವುದೆಂದೂ ಚುಚ್ಚಿದ. ನಾವು ಕಟ್ಟಿನ ಸಾರು ಮಾಡಿ ಸವಿಯುವ ಹುರುಳಿಗೆ ಇಂಗ್ಲಿಷರು ಇಟ್ಟ ಹೆಸರೂ ‘ಹಾರ್ಸ್ ಗ್ರಾಂ’, ಕುದುರೆಯ ಕಾಳು. ಹೆಸರಿಡುವವನು ಯಾವ ಪಂಕ್ತಿಯಲ್ಲಿ ಕುಳಿತಿದ್ದಾನೆ ಎಂಬುದು ಹೆಸರಿನಿಂದಲೇ ತಿಳಿಯುತ್ತದೆ.

ಊಟದ ಹೊತ್ತಿನ ಹೆಸರುಗಳನ್ನೂ ನೋಡೋಣ. ‘ಬ್ರೇಕ್‌ಫಾಸ್ಟ್’ ಎಂದರೆ ಉಪವಾಸ ಮುರಿಯುವುದು ಎಂಬುದು ಎಲ್ಲರಿಗೂ ಗೊತ್ತು. ‘ಡಿನ್ನರ್’ ಎಂಬುದರ ಲ್ಯಾಟಿನ್ ಮೂಲಕ್ಕೂ ಅದೇ ಅರ್ಥ. ನಮ್ಮ ಮಾತಿನಲ್ಲಿ ಎರಡೂ ‘ಪಾರಣೆ’ಯೇ. ಮಧ್ಯಯುಗದಲ್ಲಿ ಡಿನ್ನರ್ ನಡುಹಗಲಿನ ಊಟ. ಸಿರಿವಂತರು ಅದನ್ನು ತಡಮಾಡುತ್ತ 19ನೆಯ ಶತಮಾನದಲ್ಲಿ ಸಂಜೆಗೆ ಒಯ್ದರು. ದುಡಿಯುವವರ ಡಿನ್ನರ್ ಮಧ್ಯಾಹ್ನವೇ ಉಳಿಯಿತು. ನಡುವಣ ಅಲ್ಪಾಹಾರಕ್ಕೆ ‘ನಂಚನ್’ ಎಂಬ ಹೆಸರಿತ್ತು; ಜೇನ್ ಆಸ್ಟಿನಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಲ್ಲಿ ಅದು ಸಿಗುತ್ತದೆ. ಸುಗ್ಗಿಯ ಕೂಲಿಗಳು ಹೊಲದ ಬದುವಿನಲ್ಲಿ ಕುಳಿತು ತಿನ್ನುತ್ತಿದ್ದ ಬುತ್ತಿಗೆ ‘ಬೀವರ್’, ‘ಬೇಟ್’ ಎಂದು ಸೀಮೆಗೊಂದು ಹೆಸರು. ಒಂದು ಗುಟುಕು ಪಾನೀಯವೆಂಬ ಅರ್ಥದ ಹಳೆಯ ಆಡುಮಾತು ‘ಟಿಫ್’. ಅದರಿಂದ ಹುಟ್ಟಿದ ‘ಟಿಫಿನ್’ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಮರೆತುಹೋಯಿತು. ಭಾರತಕ್ಕೆ ಬಂದ ಅದೇ ಪದ ಮಾತ್ರ ಇಲ್ಲಿ ಬೇರುಬಿಟ್ಟಿತು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಹೆಸರಿನಲ್ಲಿಯೂ ಹಳ್ಳಿಯ ಬಸ್ಸಿನಲ್ಲಿ ಬರುವ ಟಿಫಿನ್ ಕ್ಯಾರಿಯರಿನಲ್ಲಿಯೂ ಅದು ಸುಖವಾಗಿದೆ.

ಇಂತಹ ಬಡವರ ಮಾತುಗಳು ಉಳಿದದ್ದು ಹೇಗೆ? ಇದಕ್ಕೆ ಉತ್ತರವಾಗಿ ಒಬ್ಬ ಮಹನೀಯರನ್ನು ನೆನೆದು ಲೇಖನವನ್ನು ಮುಗಿಸುತ್ತೇನೆ. 1855ರಲ್ಲಿ ಯಾರ್ಕ್‌ಷೈರಿನ ಬಡ ಕುಟುಂಬದಲ್ಲಿ ಹುಟ್ಟಿದ ಜೋಸೆಫ್ ರೈಟ್ ಆರನೆಯ ವಯಸ್ಸಿನಲ್ಲಿ ಕಲ್ಲುಗಣಿಯಲ್ಲಿ ಕತ್ತೆ ಹೊಡೆಯುವ ಹುಡುಗನಾದರು. ಮುಂದೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹದಿನೈದು ವರ್ಷವಾಗುವವರೆಗೂ ಅವರಿಗೆ ಓದಲು ಬರುತ್ತಿರಲಿಲ್ಲ. ಅನಂತರ ರಾತ್ರಿ ಶಾಲೆಯಲ್ಲಿ ಕಲಿತು, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಡಾಕ್ಟರೇಟ್ ಪಡೆದು, ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕರಾದರು. 1898ರಿಂದ 1905ರವರೆಗೆ ಅವರು ಆರು ಸಂಪುಟಗಳಲ್ಲಿ ಹೊರತಂದ ಇಂಗ್ಲಿಷ್ ಉಪಭಾಷೆಗಳ ನಿಘಂಟಿನಲ್ಲಿ ಕೂಲಿಯವನ ಬುತ್ತಿಗೂ ಸ್ಥಾನ ದೊರೆಯಿತು. ರೊಟ್ಟಿ ಕಾಯುವವರ ಮಾತಿನ ಜೊತೆಗೆ ರೊಟ್ಟಿ ತಿಂದು ದುಡಿದವರ ಮಾತನ್ನೂ ದಾಖಲಿಸಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದನ್ನು ಓದಿದ ಮೇಲೆ ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಾನೊಂದು ನೋಟುಪುಸ್ತಕ ಒಯ್ದೆ. ಅಜ್ಜಿಯ ಬಳಿ ಕುಳಿತು ಅಂಬಲಿ, ತಂಗಳು, ನುಚ್ಚು, ಹುರಿಹಿಟ್ಟು, ಬುತ್ತಿ ಎಂದು ಬರೆದುಕೊಳ್ಳತೊಡಗಿದೆ. “ಕಾಲೇಜು ಓದೋ ಹುಡುಗನಿಗೆ ತಂಗಳ ಸುದ್ದಿ ಯಾಕಪ್ಪ?” ಎಂದು ಅಜ್ಜಿ ನಕ್ಕರು. ಆಮೇಲೆ, ಅಡುಗೆ ಒಂದೊಂದಕ್ಕೂ ಯಾರು ಮೊದಲು ಉಣ್ಣುತ್ತಿದ್ದರು, ಯಾರಿಗೆ ಮಿಕ್ಕದ್ದು ಸೇರುತ್ತಿತ್ತು ಎಂದು ಕತ್ತಲಾಗುವವರೆಗೂ ಹೇಳಿದರು. ಆ ಪುಸ್ತಕದ ಇಪ್ಪತ್ತು ಹಾಳೆ ತುಂಬಿವೆ. ಅದರಲ್ಲಿ ಯಾವ ಪದದ ಮುಂದೆಯೂ ‘ಒಂದು ಬಗೆಯ ಆಹಾರ’ ಎಂದು ನಾನು ಬರೆದಿಲ್ಲ.